ಬಾವಿಯೊಳಗಿಂದ ಬಂದ ಮೆಚ್ಚುಗೆ

೧೯೩೯ರ ಬೇಸಿಗೆ. ನನಗಾಗ ಹತ್ತೊಂಬತ್ತು. ಹೊಳೆನರಸೀಪುರದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ನಮ್ಮೂರಿನಲ್ಲಿ ನನ್ನಂಥ ಹಾಡುಗಾರ ಇನ್ನೊಬ್ಬನಿಲ್ಲ ಎಂದು ಮೆರೆಯುತ್ತಿದ್ದೆ. ನಿಜಕ್ಕೂ ಇರಲಿಲ್ಲ, ಆ ಮಾತು ಬೇರೆ.

ನಮ್ಮದು ಕಪಿಲೆ ಬಾವಿ. ಜೋಡೆತ್ತು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಹಗ್ಗದ ತುದಿಯ ಕಬ್ಬಿಣದ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಹಿಂದಕ್ಕೆ ಬಂದರೆ ಬಾವಿಗಿಳಿಯುತ್ತದೆ. ಅಪ್ಪ ಪದ ಹೇಳದೆ ನಮ್ಮ ಎತ್ತುಗಳು ಹೆಜ್ಜೆ ಕೀಳುತ್ತಿರಲಿಲ್ಲ. ಆ ಪದ ಕೇಳಿ ಕೇಳಿ ನನಗೆ ಸಾಕಾಗಿತ್ತು. ಆಲಾಪವಿಲ್ಲ, ಅಲಂಕಾರವಿಲ್ಲ, ಅದೂ ಒಂದು ಹಾಡೇ ಎನ್ನುತ್ತಿದ್ದೆ.

ಅಪ್ಪ ಅರಕಲಗೂಡಿಗೆ ಹೋಗಿದ್ದ ದಿನ, ನೀರು ಎಷ್ಟಿದೆ ನೋಡಲು ಚಿಕ್ಕಪ್ಪ ಕಲ್ಲುಗಳ ಮೇಲೆ ಕಾಲಿಟ್ಟುಕೊಂಡು ಬಾವಿಗಿಳಿದು ಜಾರಿಬಿದ್ದ.

"ಕಾಲು ಉಳುಕ್ಬುಟ್ಟೈತೆ ಕಣ್ಲಾ, ಅತ್ತಕ್ಕಾಗಕಿಲ್ಲ. ಎತ್ತು ಕಟ್ಟು, ಬಾನೀಲಿ ಕುಂತ್ಕತೀನಿ," ಎಂದು ಕೂಗಿದ.

ಎತ್ತು ಹೂಡಿದೆ. ಹಾಡು ಬೇಕಲ್ಲ, ಕಂಪನಿಯ ಹಾಡನ್ನೇ ಎತ್ತಿಕೊಂಡೆ. ಎತ್ತುಗಳು ನಡೆದವು. ನನಗೆ ಹುಮ್ಮಸ್ಸು ಬಂತು. ಚಿಕ್ಕಪ್ಪ ಅರ್ಧ ಬಾವಿ ಮೇಲೆ ಬಂದಿರಬೇಕು, ಸಾಲಿನ ಕೊನೆಯ ಸ್ವರವನ್ನು ಪಾತ್ರಧಾರಿಯಂತೆಯೇ ಉದ್ದಕ್ಕೆ ಎಳೆದೆ.

ಎತ್ತುಗಳು ನಿಂತವು. ನಿಂತು, ಸರಸರನೆ ಹಿಂದಕ್ಕೆ ಬರತೊಡಗಿದವು.

ರಾಟೆ ಕಿರುಗುಟ್ಟಿತು. ಬಾನಿ ಬಾವಿಯ ಗೋಡೆಗೆ ಬಡಿದ ಸದ್ದು. "ಲೇ, ಏನ್ಲಾ ಮಾಡ್ತಿದ್ದೀಯ? ಸಾಯ್ಸ್ಬುಡ್ತೀಯ ನನ್ನ!" ಎಂದು ಚಿಕ್ಕಪ್ಪ ಚೀರಿದ. ಚಾಟಿ ಬೀಸಿದೆ. ಎತ್ತುಗಳು ಗಾಬರಿಯಾಗಿ ಇನ್ನೂ ಹಿಂದೆ ಸರಿದವು.

ಆಗ ಹೊಳೆಯಿತು. ಬಾನಿ ಮೇಲೆ ಬಂದು ನೀರು ಸುರಿದ ಮೇಲೆ ಮಾತ್ರ ಅಪ್ಪ ಸ್ವರ ಎಳೆಯುತ್ತಿದ್ದ. ಎತ್ತುಗಳಿಗೆ ಅದು 'ಹಿಂದಕ್ಕೆ ಬನ್ನಿ' ಎಂಬ ಅಪ್ಪಣೆ!

ಚಾಟಿ ಬಿಸಾಡಿ ಅಪ್ಪನ ಪದ ಶುರು ಮಾಡಿದೆ. ಎಲ್ಲೂ ಎಳೆಯದೆ, ಹೆಜ್ಜೆಗೊಂದು ಮಾತಿನಂತೆ ಗಟ್ಟಿಯಾಗಿ ಹೇಳಿದೆ. ಎತ್ತುಗಳು ಕಿವಿ ನಿಗುರಿಸಿದವು, ಕತ್ತು ಬಗ್ಗಿಸಿ ಮುಂದೆ ನಡೆದವು. ಅಪ್ಪನ ಪದ ಅಷ್ಟು ಚೆನ್ನಾಗಿದೆಯೆಂದು ನನಗೆ ತಿಳಿದದ್ದೇ ಆವತ್ತು. ಬಾನಿ ಮೇಲೆ ಬಂದಾಗ, ಚೀರಾಟ ಕೇಳಿ ಮನೆಯಿಂದ ಓಡಿಬಂದಿದ್ದ ಅವ್ವ ಚಿಕ್ಕಪ್ಪನನ್ನು ತಬ್ಬಿ ಇಳಿಸಿಕೊಂಡಳು.

ಅವನ ಮೊಣಕೈ ತರಚಿಹೋಗಿತ್ತು. ಬೈಗುಳಕ್ಕೆ ಕಾದು ನಿಂತೆ. ಅವನು ಸುಧಾರಿಸಿಕೊಂಡು, "ಒಳಗಿಂದ ಎಲ್ಡೂ ಕೇಳ್ದೆ ಕಣ್ಲಾ. ಎಲ್ಡ್ನೇ ಪದ ಚೆಂದಾಗ್ ಏಳ್ದೆ," ಎಂದ.

ಮುಂದೆ ನಾನು ಕಂಪನಿ ಸೇರಿ ಹಾರ್ಮೋನಿಯಂ ಮೇಷ್ಟ್ರಾದೆ. ಹೊಸ ಹಾಡು ಬಂದಾಗಲೆಲ್ಲ, ಇದಕ್ಕೆ ಎತ್ತು ನಡೆದೀತೇ ಎಂದು ಕೇಳಿಕೊಳ್ಳುತ್ತೇನೆ. ನಡೆಯದ ಹಾಡನ್ನು ಎಂಥ ವಿದ್ವಾಂಸರು ಹಾಡಿದರೂ ನಾನು ಒಪ್ಪಿದವನಲ್ಲ. ಹಾಸನ, ಚನ್ನರಾಯಪಟ್ಟಣಗಳಲ್ಲಿ ಜನ 'ಒನ್ಸ್ ಮೋರ್' ಎಂದು ಕೂಗಿದ್ದಾರೆ, ಹಾರ ಹಾಕಿದ್ದಾರೆ. ಸಂತೋಷವೇ. ಆದರೆ ಜೀವ ಕೈಯಲ್ಲಿ ಹಿಡಿದುಕೊಂಡು ನನ್ನ ಹಾಡು ಕೇಳಿದವನು ಚಿಕ್ಕಪ್ಪನೊಬ್ಬನೇ.