ಪ್ರಚಾರದ ಆಟೋ ಯರ್ರೆಪ್ಪ ಮತ್ತೆ ಹಾಡಿದರು

ಆಂಧ್ರದ ಗಡಿಯ ಆದವಾನಿಯ ಒಂದು ಹತ್ತಿ ಮಿಲ್ಲಿನ ಗೋದಾಮು. ಈಗಷ್ಟೇ ಬೆಳಕು ಹರಿಯುತ್ತಿದೆ. ಒಂದರ ಮೇಲೊಂದು ಪೇರಿಸಿಟ್ಟ ಹತ್ತಿ ಬೇಲುಗಳ ಸಂದಿಯಲ್ಲಿ ಅರವತ್ತು ದಾಟಿದ ಮನುಷ್ಯರೊಬ್ಬರು ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಾರೆ. ಮಿಲ್ಲಿನ ಯಂತ್ರಗಳು ಶುರುವಾಗುವ ಮೊದಲೇ ಹಾಡು ಮುಗಿಯಬೇಕು. ಲ್ಯಾಪ್‌ಟಾಪ್ ಮುಂದೆ ಕುಳಿತ ಮಗ ಶಿವಕೃಷ್ಣ ಮದುವೆ ವಿಡಿಯೋ ಎಡಿಟ್ ಮಾಡುವವರು. "ಅಪ್ಪಾ, ಇನ್ನೊಂದ್ ಟೇಕ್" ಎನ್ನುತ್ತಾರೆ. "ಇನ್ನೊಂದಾ? ನನ್ನ ಗಂಟಲೇನು ಬೋರ್‌ವೆಲ್ಲಾ?" ಎಂದು ಅಪ್ಪ ರೇಗುತ್ತಾರೆ. ರೇಗಿದರೂ ಹಾಡುತ್ತಾರೆ. ಅಬ್ಬಾ, ಆ ದನಿ! ನನಗಂತೂ ಮೈ ಜುಮ್ಮೆನ್ನುತ್ತಿದೆ.

ಇವರು ಯರ್ರೆಪ್ಪ. ಮುಖ ನೋಡದವರಿಗೂ ಇವರ ದನಿ ಗೊತ್ತು. ಸೀರೆ ಅಂಗಡಿಯ ಡಿಸ್ಕೌಂಟು, ಕಣ್ಣಿನ ಶಿಬಿರ, ನಲ್ಲಿ ನೀರು ಬಾರದ ದಿನ, ಎಲ್ಲವನ್ನೂ ಆಟೋದ ಮೈಕಿನಲ್ಲಿ ಕನ್ನಡ, ತೆಲುಗು ಎರಡರಲ್ಲೂ ಸಾರುವವರು ಇವರೇ. ಆದರೆ ಕ್ಯಾಸೆಟ್ ಕಾಲದಲ್ಲಿ ಈ ಸೀಮೆಯ ಪಾಪ್ ಸ್ಟಾರ್ ಇವರೇ ಅಂದರೆ ಇಂದಿನ ಹುಡುಗರು ನಂಬುವುದಿಲ್ಲ. ಹುಡುಗ ಕನ್ನಡದಲ್ಲಿ ಪ್ರೀತಿ ಹೇಳುವುದು, ಹುಡುಗಿ ತೆಲುಗಿನಲ್ಲಿ ಬೈಯುವುದು, ನಡುವೆ ಕ್ಯಾಸಿಯೋ ಕೀಬೋರ್ಡ್ ಕುಣಿಯುವುದು, ಅಂಥ ಹಾಡುಗಳು. "ಮಿಂಚೋ ಕೋಟು ಹಾಕ್ಕೊಂಡು ಸ್ಟೇಜ್ ಹತ್ತಿದ್ರ ಸೀಟಿ ಅಂದ್ರ ಸೀಟಿ ನೋಡ್ರಿ!" ಎಂದು ಈಗಲೂ ಕಣ್ಣರಳಿಸುತ್ತಾರೆ.

ಆಮೇಲೆ ಹತ್ತಿರದ ಆಲೂರಿನಲ್ಲೊಂದು ಆರ್ಕೆಸ್ಟ್ರಾ. ಮೇಲಿನ ಸ್ವರಕ್ಕೆ ಏರುವಾಗ ದನಿ ಒಡೆಯಿತು. ಜನ "ಇಳಿಯೋ, ಇಳಿ" ಎಂದು ಕೂಗಿದರು. "ಇಳಿದೆರಿ. ಇಳಿದಾಂವ ಮತ್ತ ಹತ್ತಲಿಲ್ಲ" ಎನ್ನುತ್ತಾರೆ ಯರ್ರೆಪ್ಪ. ಮನೆಯಲ್ಲೂ ಗುನುಗಲಿಲ್ಲವಂತೆ. ಈಚೆಗೆ ಶಿವಕೃಷ್ಣ ಹಳೆಯ ಕ್ಯಾಸೆಟ್ಟಿನ ಹಾಡೊಂದನ್ನು ಫೋನಿಗೆ ಇಳಿಸಿ ಹರಿಬಿಟ್ಟದ್ದೇ ತಡ, ಮಿಲ್ಲಿನ ಮಾಲೀಕ ಸೋಮೇಶ್ ಮನೆ ಹುಡುಕಿಕೊಂಡು ಬಂದರು. ಕಾಲೇಜಿನ ದಿನಗಳಿಂದ ಅಭಿಮಾನಿ. "ಬೇಲು ಸದ್ದು ಕುಡೀತಾವಣ್ಣಾ, ಸ್ಟುಡಿಯೋ ಯಾಕ ಬೇಕು?" ಎಂದು ಗೋದಾಮನ್ನೇ ಬಿಟ್ಟುಕೊಟ್ಟರು.

ಆದರೆ ವ್ಯಾಪಾರಿ ವ್ಯಾಪಾರಿಯೇ. ಆಲ್ಬಮ್ ಅರ್ಧಕ್ಕೆ ಬಂದಿರುವಾಗ ಒಳ್ಳೆಯ ರೇಟು ಸಿಕ್ಕಿತೆಂದು ಸೋಮೇಶ್ ಬೇಲುಗಳನ್ನೆಲ್ಲ ಲಾರಿಗೆ ಹಾಕಿಸಿಬಿಟ್ಟಿದ್ದಾರೆ! "ಹಾಡಿಂದು ಮರತೇಬಿಟ್ನಿರಿ" ಎಂದು ತಲೆ ಕೆರೆದುಕೊಳ್ಳುತ್ತಾರೆ. ಖಾಲಿ ಗೋದಾಮಿನಲ್ಲಿ ಬಾಯಿ ತೆರೆದರೆ ಬರೀ ಗಂವ್ ಗಂವ್. ಆಗ ಯರ್ರೆಪ್ಪನವರ ಹೆಂಡತಿ ಉಚ್ಚಮ್ಮ ಓಣಿಯ ಮನೆಮನೆಗೂ ಹೋಗಿ ಕೌದಿ ಕೇಳುತ್ತಾರೆ. ಹರಕು ಸೀರೆ, ಪಂಚೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿಗಳು ಹಗ್ಗದ ಮೇಲೆ ಗೋಡೆಗಳಾಗುತ್ತವೆ. ಸದ್ದು ತೆಪ್ಪಗಾಗುತ್ತದೆ. ಕೌದಿ ಕೊಟ್ಟ ಹೆಂಗಸರು ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ, "ನಮ್ಮ ಕೌದಿ ನಾವ ಕಾಯ್ತೀವಿ" ಅನ್ನುತ್ತಾರೆ. ಕೊನೆಗೆ ಕೋರಸ್ ಹಾಡಿದವರೂ ಅವರೇ. ಅವರ ನಗು, ಬಳೆ ಸದ್ದು ಹಾಗೇ ಉಳಿದಿರುವ ಆ ಹಾಡೇ ನನಗೆ ಇಷ್ಟ, ಯಾರು ಏನೇ ಹೇಳಲಿ.

ಆಲ್ಬಮ್ ಬಿಡುಗಡೆಯಾಗಿ ಆದವಾನಿ ಕುಣಿಯುತ್ತಿದೆ. ಹತ್ತಿ ಮಾರುಕಟ್ಟೆಯ ಹಮಾಲರು ಜೇಬಿನ ಫೋನಿನಲ್ಲಿ ಅದನ್ನೇ ಹಚ್ಚಿಕೊಂಡು ಚೀಲ ಹೊರುತ್ತಾರೆ. ಯರ್ರೆಪ್ಪನವರಿಗೆ ಮಾತ್ರ ಆಲೂರಿನದೇ ಚಿಂತೆ. "ಅವ್ರು ಒಪ್ಪಲಿಲ್ಲಂದ್ರ ಇದ್ಯಾತರ ಆಲ್ಬಮ್‌ರಿ?"

ಅದಕ್ಕೇ ಸಂತೆಯ ದಿನ ಆಲೂರಿಗೆ ಹೊರಡುತ್ತಾರೆ. ಆಟೋದಲ್ಲಿ ಉಚ್ಚಮ್ಮ, ನಾನು. ಸೀರೆ ಜಾಹೀರಾತಿನ ನಡುವೆ ಮೆಲ್ಲಗೆ ತಮ್ಮ ಹಾಡು ತೂರಿಸುತ್ತಾರೆ, ಹೆಸರು ಹೇಳುವುದಿಲ್ಲ. ಜನ ನಿಲ್ಲುತ್ತಾರೆ. "ಎವರ್ದಬ್ಬಾ ಈ ಪಾಟ?" ಎಂದು ಒಬ್ಬರು, "ಯಾರ ಹಾಡೋ ಇದು?" ಎಂದು ಇನ್ನೊಬ್ಬರು. ಊರಿನವರ ಹೆಸರೆಲ್ಲ ಸಾರಿದ ಮನುಷ್ಯನಿಗೆ ತನ್ನ ಹೆಸರು ಬಾಯಿಗೆ ಬರುತ್ತಿಲ್ಲ. ಹೇಳಿದರೆ ಮತ್ತೆ "ಇಳಿ" ಅಂದಾರು ಎಂಬ ಭಯ. ಮತ್ತೆ ಸೀರೆಯ ಡಿಸ್ಕೌಂಟನ್ನೇ ಸಾರತೊಡಗುತ್ತಾರೆ.

ಉಚ್ಚಮ್ಮ ಮೈಕು ಕಸಿದುಕೊಳ್ಳುತ್ತಾರೆ. ಗಂಡನ ಹೆಸರು ಹೇಳಬಾರದೆಂಬ ಮನೆತನದವರು. ಆಫೀಸಿನಲ್ಲಿ ಕೇಳಿದರೂ ಮಗನನ್ನು ತಿವಿದು ಹೇಳಿಸುವವರು. "ಯರ್ರೆಪ್ಪ! ಆದವಾನಿ ಯರ್ರೆಪ್ಪರೀ! ಅವತ್ತ ಇಳೀ ಅಂದಿದ್ರೆಲ್ಲ, ಅವ್ರ ಇವ್ರು! ಈಗ ಹಾಡಸ್ರಿ ನೋಡಮು!"

ಎಲ್ಲಿಂದಲೋ ಒಂದು ಸೀಟಿ. "ಹಾಡಣ್ಣಾ!" ಯರ್ರೆಪ್ಪ ಆಟೋದಿಂದ ಇಳಿದು, ರಸ್ತೆಯಲ್ಲೇ ನಿಂತು ಅಂದಿನ ಅದೇ ಕ್ಯಾಸೆಟ್ ಹಾಡನ್ನು ಹಾಡುತ್ತಾರೆ. ಮೇಲಿನ ಸ್ವರಕ್ಕೆ ದನಿ ಈಗಲೂ ಒಡೆಯುತ್ತದೆ. ಒಡೆದ ಜಾಗದಲ್ಲಿ ಸಂತೆಗೆ ಸಂತೆಯೇ ಎತ್ತಿಕೊಂಡು ಹಾಡುತ್ತದೆ. "ವನ್ಸ್ ಮೋರ್" ಎಂದು ನಾನೂ ಕೂಗುತ್ತೇನೆ, ನಾಚಿಕೆಯೇ ಇಲ್ಲದೆ!

ಹಿಂದಿರುಗುವಾಗ ಮುಂದಿನ ಆಸೆ ಏನೆಂದು ಕೇಳುತ್ತೇನೆ. ಯರ್ರೆಪ್ಪ ಹೆಂಡತಿಯ ಕಡೆ ಕಳ್ಳನೋಟ ಬೀರುತ್ತಾರೆ.

"ಹಾಡು ಇನ್ನ ಮ್ಯಾಲ ಹಾಡ್ತೀನಿ ಬಿಡ್ರಿ. ಇಷ್ಟ್ ವರ್ಷ ಬಾಳೇವು ಮಾಡೀವಿ, ಆಕಿ ಬಾಯಾಗ ನನ್ನ ಹೆಸರು ಇವತ್ತ ಕೇಳೀನಿ. ಇನ್ನೊಂದ್ ಸಲ ಅನ್ನು ಅಂದ್ರ ಅನ್ನವಲ್ಲಳು ನೋಡ್ರಿ!"