ಮಣ್ಣು ಹಾಕು ಅಂದರೆ

ಜಯನಗರ ಇನ್ನೂ ಹುಟ್ಟುತ್ತಿದ್ದ ಕಾಲ. ಈಗಿನವರಿಗೆ ಹೇಳಿದರೆ ನಗುತ್ತಾರೆ, ಆದರೆ ಅಲ್ಲೆಲ್ಲ ಅವರೆ, ರಾಗಿ ಬೆಳೆಯುತ್ತಿದ್ದರು. ಸಂಜೆಯಾದರೆ ಸಿದ್ದಾಪುರದ ಗರಡಿಯಲ್ಲಿ ಪೈಲ್ವಾನರು ತೊಡೆ ತಟ್ಟುವ ಸದ್ದು ಆ ಹೊಲಗಳವರೆಗೂ ಕೇಳುತ್ತಿತ್ತು. ಅದರಲ್ಲಿ ಎಲ್ಲಕ್ಕಿಂತ ಜೋರು ಬೈರಣ್ಣನದು. ಎದುರಾಳಿಯ ಕಾಲು ಸೆಳೆದು ಕೆಡವುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ.

ಅಂಥವನಿಗೆ ಆ ವರ್ಷ ಏನೋ ಆಯಿತು. ಬಡಾವಣೆಗೆಂದು ಅವನ ಹೊಲ ಹೋಯಿತು, ಸೈಟಿನ ಕಲ್ಲು ನೆಟ್ಟರು. ಊಟಕ್ಕೇನೂ ತೊಂದರೆಯಾಗಲಿಲ್ಲ. ಮುದ್ದೆ ಇಳಿಯುತ್ತಿತ್ತು, ದಂಡ, ಬಸ್ಕಿ ಎಂದಿನಂತೆ ನಡೆಯುತ್ತಿದ್ದವು. ಆದರೆ ಮಟ್ಟಿಗೆ, ಅಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣಕ್ಕೆ, ಇಳಿದರೆ ಸಾಕು, ಕೈ ಸೋಲುತ್ತಿತ್ತು. ನಿನ್ನೆ ಮೊನ್ನೆ ಲಂಗೋಟಿ ಕಟ್ಟಿದ ಸೀನು ಕೂಡ ಅವನನ್ನು ಅಂಗಾತ ಕೆಡವಿದ. ಬೀಳುತ್ತೇನೆಂಬ ಹೆದರಿಕೆ ಹೊಕ್ಕಿತ್ತು. ಹೆದರಿದ ಪೈಲ್ವಾನನಷ್ಟು ಪಾಪದ ಪ್ರಾಣಿ ಇನ್ನೊಂದಿಲ್ಲ.

ಒಂದು ಸಂಜೆ ವಸ್ತಾದ್ ತಿಮ್ಮರಾಯಪ್ಪನವರು, ಆ ಗರಡಿಯ ಗುರುಗಳು, ಎಲೆ ಅಡಿಕೆ ಉಗುಳಿ, "ಸಾಕು ಬಿಡೋ ಬೈರ. ಮಣ್ಣು ಹಾಕು, ಹೋಗು" ಎಂದರು. ಅವರ ಮಾತೇ ಹಾಗೆ, ಅರ್ಧ ಹೊರಗೆ, ಅರ್ಧ ಹೊಟ್ಟೆಯೊಳಗೆ.

ಸತ್ತದ್ದಕ್ಕಲ್ಲವೇ ಮಣ್ಣು ಹಾಕುವುದು? ತನ್ನ ಕುಸ್ತಿಯ ಕಥೆ ಮುಗಿಯಿತೆಂದುಕೊಂಡ ಬೈರಣ್ಣ. ಅಂಗಿ ಎಳೆದುಕೊಂಡು ಹೊರಟವನು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಲಾಲ್‌ಬಾಗಿಗೆ ಹೋಗಬೇಕಾದರೂ ಸುತ್ತು ಬಳಸಿ ಹೋಗುತ್ತಿದ್ದ. ದೂರದಿಂದ ತೊಡೆ ತಟ್ಟುವ ಸದ್ದು ಕೇಳಿದರೆ ಕಣ್ಣು ತುಂಬುತ್ತಿತ್ತು.

ತಿಂಗಳುಗಟ್ಟಲೆ ಅವನ ಸಪ್ಪೆ ಮೋರೆ ನೋಡಿ ತಾಯಿ ಅಂಜನಮ್ಮನಿಗೆ ರೇಗಿತು. "ಬಾಯಲ್ಲೇನು ಕಡುಬಿಟ್ಕೊಂಡಿದ್ದೀಯಾ? ಏನಂದ್ರು ವಸ್ತಾದ್ರು?"

ಅವನು ಹೇಳಿದ. ಅಂಜನಮ್ಮ ಹಣೆ ಚಚ್ಚಿಕೊಂಡರು.

"ಅಯ್ಯೋ ಮಂಕೇ! ನಿಮ್ಮಪ್ಪಂಗೂ ಒಂದ್ಸಲ ಹಂಗೇ ಅಂದಿದ್ರು. ಕೈ ಸೋತ ಪೈಲ್ವಾನ್ ತನ್ ಹೊಲದ ಮಣ್ ತಂದು ಮಟ್ಟಿಗೆ ಹಾಕ್ಬೇಕು, ಆ ಗರಡಿ ರೂಢಿ ಅದು. ಸೋಲೇ ಕಾಣದೋನು ನೀನು, ನಿಂಗೆಲ್ಲಿ ಗೊತ್ತಾಗ್ಬೇಕು? ಬದುಕಿರೋದನ್ನೇ ಹೂತ್‌ಬಿಟ್ಟು ಕೂತಿದ್ದೀಯಲ್ಲೋ!"

ಬೈರಣ್ಣನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಹೊಲ ಎಲ್ಲೈತವ್ವಾ ಈಗ?" ಎಂದ. ಅಂಜನಮ್ಮ ಮಣ್ಣು ಹೊರುವ ಮಂಕರಿ ತಂದು ಅವನ ಮುಂದಿಟ್ಟರು.

ಬೆಳಿಗ್ಗೆ ಹೋದರೆ, ಅವರೆ ಬಿತ್ತುತ್ತಿದ್ದ ಜಾಗದಲ್ಲಿ ಯಾರದೋ ಮನೆಗೆ ಪಾಯ ತೋಡುತ್ತಿದ್ದರು. ತನ್ನದೇ ಬದುವಿನ ಮೇಲೆ ನಿಂತು ಬೈರಣ್ಣ ಜೀವಮಾನದಲ್ಲಿ ಮೊದಲ ಸಲ ಅಪ್ಪಣೆ ಕೇಳಿದ. "ಅಣ್ಣ, ಒಂದಿಷ್ಟು ಮಣ್ಣು ತಗೋಬೋದಾ?"

"ಎಷ್ಟಾದ್ರೂ ತಗೊಂಡೋಗಪ್ಪ" ಎಂದ ಮೇಸ್ತ್ರಿ. "ಇದನ್ನ ಎಲ್ಲಿ ಚೆಲ್ಲೋದು ಅನ್ನೋದೇ ನಮಗೆ ತಲೆನೋವು."

ಬಿಸಿಲೇರುವವರೆಗೆ ಬೈರಣ್ಣ ಹೊತ್ತ. ಗರಡಿಯಲ್ಲಿ ಆ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿ ಮಟ್ಟಿಗೆ ಬೆರೆಸಿದ. ತಿಮ್ಮರಾಯಪ್ಪನವರು ಬಂದು ನೋಡಿ, "ಮಣ್ಣು ತರೋಕೆ ಇಷ್ಟು ದಿನ ಬೇಕಾಯ್ತೇನೋ? ಕಾಶಿಗೇನಾದ್ರೂ ಹೋಗಿದ್ಯಾ?" ಎಂದು ಗದರಿದರು.

ಅಂದೇ ಸಂಜೆ ಸೀನುವಿನ ಎದುರಿಗೆ ಬಿಟ್ಟರು. ಬೈರಣ್ಣ ಮತ್ತೆ ಅಂಗಾತ ಬಿದ್ದ. ಮಜ್ಜಿಗೆ, ಅರಿಶಿನದ ನಡುವಿನಿಂದ ಉತ್ತ ಹೊಲದ ವಾಸನೆ ಮೂಗಿಗೆ ಬಂತು. ಅವನು ಏಳಲೇ ಇಲ್ಲ. ಸೀನು ಗಾಬರಿಯಾಗಿ, "ಏಟಾಯ್ತಾ ಅಣ್ಣ?" ಎಂದು ಬಗ್ಗಿದ.

"ಇಲ್ಲ ಕಣೋ" ಎಂದ ಬೈರಣ್ಣ. "ನಮ್ಮ ಹೊಲದಲ್ಲೇ ಬಿದ್ದಿದ್ದೀನಿ."

ಎದ್ದು ತೊಡೆ ತಟ್ಟಿದ. ಮರುಪಟ್ಟಿಗೇ ಸೀನುವಿನ ಕಾಲು ಕೈಗೆ ಸಿಕ್ಕಿತು.

ಮುಂದೆ ಜಯನಗರದಲ್ಲಿ ಮನೆಗಳು ತುಂಬಿ ಬಸ್ಸುಗಳು ಓಡಾಡತೊಡಗಿದ ಮೇಲೆ ಯಾರಾದರೂ, "ನಿಮ್ಮ ಹೊಲ ಎಲ್ಲಿತ್ತು ಬೈರಣ್ಣ?" ಎಂದರೆ ಅವನು ಆ ಕಡೆ ತಿರುಗುತ್ತಲೇ ಇರಲಿಲ್ಲ. ಗರಡಿಯ ಬಾಗಿಲು ತೋರಿಸಿ, "ಇತ್ತು ಅಲ್ಲ, ಐತೆ. ಚಪ್ಪಲಿ ಬಿಟ್ಟು ಒಳಗ್ ಬನ್ನಿ" ಎನ್ನುತ್ತಿದ್ದ.