ಮೂವತ್ತೇಳು ಹಲ್ಲಿನ ಚಕ್ರ

ಸುವಾಮೆ ಪೇಟೆಯ ಗ್ಯಾರೇಜುಗಳಲ್ಲಿ ಗದ್ದಲಕ್ಕೆ ಬಿಡುವೆಂಬುದಿಲ್ಲ. ಆದರೂ ಅಫುವಾ ಸಾಚಿವಾ ಅರ ಹಿಡಿದು ಕಬ್ಬಿಣ ಉಜ್ಜುವ ಸದ್ದು ಎದುರಿನ ನನ್ನ ಕೆಂಕೆ ಕಡುಬು, ಕರಿದ ಮೀನಿನ ಅಂಗಡಿಗೆ ಬೇರೆಯಾಗಿಯೇ ಕೇಳಿಸುತ್ತದೆ. ಸೋದರಮಾವ ತುಮಾಸಿಯ ಎರಕದ ಕುಲುಮೆಗೆ ನೀರು ಹೊರಲು ಬಂದವಳು ಅಲ್ಲೇ ಕೆಲಸ ಕಲಿತಳು. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ; ಮಾವನ ಬೈಗುಳ ಮಾತ್ರ ಇನ್ನೂ ತಪ್ಪಿಲ್ಲ.

ಹರ್ಮಾಟನ್ ಎಂಬ ಒಣ ಧೂಳುಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಪ್ರಾ ನದಿಯ ಕಡವಿನಿಂದ ಡೊಟ್ಸೆ ಎಂಬಾತ ಬಂದ. ಲಾರಿಗಳನ್ನು ದಾಟಿಸುವ ಅವನ ತೆಪ್ಪವನ್ನು ಎಳೆಯುವುದು ಕೈಯಿಂದ ತಿರುಗಿಸುವ ಹಳೆಯ ರಾಟೆ. ಅದರ ದೊಡ್ಡ ಹಲ್ಲುಚಕ್ರ ಎರಡು ಹೋಳಾಗಿತ್ತು. ಹೋಳುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ.

"ಬೆಸುಗೆ ಹಾಕಿದ್ರೆ ನಡು ನೀರಲ್ಲಿ ಮತ್ತೆ ಮುರಿಯತ್ತೆ, ಅಣ್ಣ," ಎಂದಳು ಸಾಚಿವಾ. "ಹೊಸದೇ ಮಾಡ್ತೀನಿ."

ತುಮಾಸಿ ಹಲ್ಲು ಎಣಿಸಿ ನಕ್ಕ. "ಮೂವತ್ತೇಳು! ಇದೇನೇ, ಚಕ್ರವೋ ನಿಮ್ಮಜ್ಜಿ ಬಾಯೋ? ನಲವತ್ತಾದ್ರೆ ಅರ್ಧ, ಕಾಲು ಅಂತ ಭಾಗ ಮಾಡ್ಬಹುದು. ಇದನ್ನ ಹ್ಯಾಗೆ ಮಾಡ್ತೀಯ?"

"ನೀವು ಕುಲುಮೆ ಊದಿ, ಮಾವ. ಎಣಿಸೋದು ನನಗೆ ಬಿಡಿ."

ಅವಳು ಅಚ್ಚಿನ ಮಾದರಿಗೆಂದು ಮರದ ದುಂಡು ಹಲಗೆ ಕೊರೆದಳು. ಕಬ್ಬಿಣ ಆರುವಾಗ ಕುಗ್ಗುತ್ತದೆಂದು ತುಸು ದೊಡ್ಡದಾಗಿಯೇ ಕೊರೆದಳು. ಅದರ ಅಂಚಿಗೆ ಸರಿಯಾಗಿ ಒಂದು ಸುತ್ತು ಬರುವಂತೆ ತೆಳು ತಗಡಿನ ಪಟ್ಟಿ ಕತ್ತರಿಸಿ ನೆಲಕ್ಕೆ ಚಾಚಿದಳು. ಸಮದೂರಕ್ಕೆ ಗೆರೆ ಎಳೆದ ಇನ್ನೊಂದು ಹಲಗೆಯ ಮೇಲೆ ಆ ಪಟ್ಟಿಯನ್ನು ಓರೆಯಾಗಿ ಇಟ್ಟು, ಎರಡು ತುದಿಗಳ ನಡುವೆ ಮೂವತ್ತೇಳು ಅಂತರ ಬರುವವರೆಗೂ ತಿರುಗಿಸಿದಳು. ಗೆರೆ ಹಾಯ್ದಲ್ಲೆಲ್ಲ ಗೀರಿ, ಪಟ್ಟಿಯನ್ನು ಮತ್ತೆ ಅಂಚಿಗೆ ಸುತ್ತಿದಳು. ಮೊದಲ ಗೀರು, ಕೊನೆಯ ಗೀರು ಒಂದಕ್ಕೊಂದು ಕೂತವು. ನನ್ನ ಬಾಣಲೆಯಲ್ಲಿದ್ದ ಮೀನು ಕರಕಲಾದದ್ದು ನನಗೆ ಗೊತ್ತೇ ಆಗಲಿಲ್ಲ.

ಆ ಗುರುತುಗಳಂತೆ ಹಲ್ಲು ಕೊರೆದು, ಮಾದರಿಯನ್ನು ಮರಳಿಗೆ ಒತ್ತಿ ಅಚ್ಚು ಮಾಡಿದಳು. ಎರಕದ ದಿನ ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ನೆರೆದರು. ಹಳೆಯ ಎಂಜಿನ್ನುಗಳ ಚೂರು ಕುಲುಮೆಯಲ್ಲಿ ಕರಗಿ ಕಿತ್ತಳೆ ಬಣ್ಣದ ನೀರಾಗಿ ಮರಳಿನ ಅಚ್ಚಿಗೆ ಇಳಿಯಿತು. ಮರಳು ಒಡೆದಾಗ ಚಕ್ರ ಚೆನ್ನಾಗಿಯೇ ಕಂಡಿತು. ಸಾಚಿವಾ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟಳು. ಮುಖ ಸಪ್ಪಗಾಯಿತು. ಇನ್ನೊಂದೇ ಏಟಿಗೆ ಅದನ್ನು ಒಡೆದುಹಾಕಿದಳು.

"ಹುಚ್ಚಿ!" ತುಮಾಸಿ ಕೂಗಿದ. ಒಡೆದ ಹೋಳನ್ನು ಎತ್ತಿ ನೋಡಿದರೆ ಒಳಗೆ ಹೆಬ್ಬೆರಳು ತೂರುವಷ್ಟು ಪೊಳ್ಳು. ಮುದುಕ ತಿದಿಯ ಹತ್ತಿರ ಹೋಗಿ ಕೂತ. "ಇದ್ದಲು ತನ್ನಿ," ಎಂದ.

ಎರಡನೆಯ ಎರಕ ಗಂಟೆಯಂತೆ ಗಣಗಣಿಸಿತು. ಆಮೇಲೆ ವಾರಗಟ್ಟಲೆ ಅವಳ ಅರದ ಸದ್ದು. ಪ್ರತಿ ಹಲ್ಲಿಗೂ ಮಸಿ ಬಳಿದು, ಡೊಟ್ಸೆ ತಂದುಕೊಟ್ಟಿದ್ದ ರಾಟೆಯ ಜೋಡಿ ಚಕ್ರಕ್ಕೆ ಒತ್ತಿ, ಮಸಿ ಅಳಿಸಿಹೋದ ಕಡೆ ಮಾತ್ರ ಉಜ್ಜುತ್ತಿದ್ದಳು.

ಚಕ್ರ ಕೂರಿಸುವ ದಿನ ಅಂಗಡಿ ಮುಚ್ಚಿ, ಅವಳು ಮತ್ತು ತುಮಾಸಿಯ ಜೊತೆ ನಾನೂ ಕಡವಿಗೆ ಹೋದೆ. ದಡದ ತುಂಬ ಗೆಣಸಿನ ಲಾರಿಗಳು, ಕಾದು ಸಿಡುಕುತ್ತಿದ್ದ ಸಂತೆ ಹೆಂಗಸರು. ಒಂದು ಲಾರಿ ತೆಪ್ಪವೇರಿತು, ಅದರ ಹಿಂದೆ ಒಂದಷ್ಟು ಹೆಂಗಸರು, ನಾವೂ. ಡೊಟ್ಸೆ ತೆಪ್ಪದ ಮೇಲಿನ ರಾಟೆಯ ಹಿಡಿಕೆಗೆ ಕೈ ಚಾಚಿದರೆ ಸಾಚಿವಾ ಅದನ್ನು ಬಿಟ್ಟುಕೊಡಲಿಲ್ಲ. ತಾನೇ ತಿರುಗಿಸಿದಳು. ಉಕ್ಕಿನ ಹಗ್ಗ ಬಿಗಿಯಿತು, ತೆಪ್ಪ ದಡ ಬಿಟ್ಟಿತು. ಹಲ್ಲಿಗೆ ಹಲ್ಲು ಎಷ್ಟು ನಯವಾಗಿ ಸೇರುತ್ತಿತ್ತೆಂದರೆ ನೀರಿನ ಸಪ್ಪಳ ಕೇಳಿಸುತ್ತಿತ್ತು. ನನಗೆ ಅಳು ಬಂತು, ನಗುವೂ ಬಂತು.

"ಸದ್ದೇ ಇಲ್ವಲ್ಲೋ," ಎಂದ ತುಮಾಸಿ, ಯಾರಿಗೆಂದಿಲ್ಲದೆ.

ಆಚೆ ದಡ ಮುಟ್ಟಿದ ಕೂಡಲೆ ಹೆಂಗಸರು ಹಾಡು ಎತ್ತಿಕೊಂಡರು. ಸಾಚಿವಾ ಮಾತ್ರ ರಾಟೆಯ ಮೇಲೆ ಬಗ್ಗಿ ಹಲ್ಲುಗಳನ್ನು ಒಂದೊಂದಾಗಿ ಸವರುತ್ತಿದ್ದಳು. ಒಂದರ ಮೇಲೆ ಬೆರಳು ನಿಂತಿತು.

"ಮತ್ತೇನು, ಅಕ್ಕ?" ಡೊಟ್ಸೆ ಗಾಬರಿಯಾದ.

"ಏನಿಲ್ಲ, ಕೂದಲೆಳೆಯಷ್ಟು ಉಬ್ಬಿದೆ," ಎಂದು ಅವಳು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಸೊಂಟದಿಂದ ಅರ ತೆಗೆದಳು. ಲಾರಿಯವರು ಹಾರನ್ ಬಜಾಯಿಸಿದರು. ಅವಳು ತಲೆ ಎತ್ತಲಿಲ್ಲ.